ಕುಶಾಲನಗರದ ಅಂಗಳದಲ್ಲಿ ದೇವಕಣಗಿಲೆ

ಕೊಡಗೆಂದರೆ ಮಳೆಯೆಂದೇ ಹೊರಗಿನವರ ಎಣಿಕೆ. ಆದರೆ ಮಡಿಕೇರಿಯಲ್ಲಿ ಸುರಿಯುವ ಮಳೆಯ ಅರ್ಧದಷ್ಟೂ ಅಲ್ಲಿಂದ ಸುಮಾರು 30 ಕಿಲೋಮೀಟರ್ ಪೂರ್ವಕ್ಕಿರುವ ನಮ್ಮ ಕುಶಾಲನಗರಕ್ಕೆ ಬರುವುದಿಲ್ಲ. ಕಾಫಿಗೆ ಹೂಮಳೆ ಬೀಳುವವರೆಗಿನ ಒಣ ತಿಂಗಳುಗಳಲ್ಲಿ ಕುಡಿಯುವ ನೀರನ್ನೇ ಅಳೆದು ಬಳಸುವ ಮನೆಯಲ್ಲಿ ಗಿಡಕ್ಕೆಂದು ಕೊಡ ಹೊರುವುದು ಸಾಧ್ಯವಿಲ್ಲವಾದ್ದರಿಂದ, ಕಾಂಪೌಂಡಿನ ಮೂಲೆಗೆ ನಾನು ದೇವಕಣಗಿಲೆಯನ್ನು ಆರಿಸಿಕೊಂಡೆ. ಕೆಲವರು ಇದನ್ನೇ ಗೋಸಂಪಿಗೆ ಎನ್ನುತ್ತಾರೆ.

ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಕಡೆಯಿಂದ ಬಂದ ಈ ಮರ ತನ್ನ ದಪ್ಪ ಕೊಂಬೆಗಳಲ್ಲೇ ನೀರನ್ನು ಕೂಡಿಟ್ಟುಕೊಳ್ಳುತ್ತದೆ, ಒಣಹವೆ ಬಂದಾಗ ಎಲೆಗಳನ್ನೆಲ್ಲ ಉದುರಿಸಿ ಖರ್ಚನ್ನು ಕಡಿಮೆ ಮಾಡಿಕೊಳ್ಳುತ್ತದೆ. ವಿಪರೀತ ಎತ್ತರಕ್ಕೆ ಬೆಳೆಯುವುದಿಲ್ಲ. ಬೇರುಗಳೂ ಗೋಡೆಯನ್ನು ಸೀಳುವಂಥವಲ್ಲ. ಹತ್ತಿಪ್ಪತ್ತು ಅಡಿ ಅಗಲದ ಪೇಟೆಯ ಅಂಗಳಕ್ಕೆ ಇದಕ್ಕಿಂತ ಒಪ್ಪುವ ಹೂಮರವನ್ನು ನಾನು ಕಂಡಿಲ್ಲ.

ಆದರೂ ಮೊದಲ ಸಲ ನೆಟ್ಟದ್ದು ಉಳಿಯಲಿಲ್ಲ. ಯಾವ ಗಿಡವಾದರೂ ಮಳೆಗಾಲದಲ್ಲಿ ನೆಟ್ಟರೆ ಹಿಡಿಯುತ್ತದೆ ಎಂಬ ನಮ್ಮೂರಿನ ರೂಢಿಯಂತೆ ಜೂನ್‌ನಲ್ಲಿ ಹಸಿ ಕೊಂಬೆಯನ್ನು ಊರಿದ್ದೆ. ಕಕ್ಕಡದ, ಅಂದರೆ ಜುಲೈ-ಆಗಸ್ಟ್ ನಡುವಿನ ಕೊಡವ ತಿಂಗಳಿನ, ಜಡಿಮಳೆ ಮುಗಿಯುವ ಹೊತ್ತಿಗೆ ಬುಡವನ್ನು ಹೆಬ್ಬೆರಳಿನಿಂದ ಒತ್ತಿದರೆ ಕೊಳೆತ ಬಾಳೆಹಣ್ಣಿನಂತೆ ಒಳಗಿಳಿಯುತ್ತಿತ್ತು. ಬರವನ್ನು ಗೆಲ್ಲುವ ಈ ಮರಕ್ಕೆ ನಿಂತ ನೀರೇ ಶತ್ರು ಎಂಬುದು ಅಂದು ತಿಳಿಯಿತು.

ಮರುವರ್ಷ ಫೆಬ್ರುವರಿಯಲ್ಲಿ, ಎಲೆಯುದುರಿ ಬೂದುಬಣ್ಣಕ್ಕೆ ತಿರುಗಿದ್ದ ಒಂದೂವರೆ ಅಡಿಯ ಬಲಿತ ಕೊಂಬೆಯನ್ನು ಕತ್ತರಿಸಿದೆ. ಕತ್ತರಿಸಿದ ಬಾಯಿಂದ ಬಿಳಿ ಹಾಲು ತೊಟ್ಟಿಕ್ಕಿತು; ಅದು ಚರ್ಮಕ್ಕೂ ಕಣ್ಣಿಗೂ ಉರಿ ತರುವುದರಿಂದ ಕೈಗೆ ಗವಸು ಹಾಕಿಕೊಳ್ಳುವುದು ಒಳ್ಳೆಯದು. ಕೊಂಬೆಯನ್ನು ಹತ್ತು ದಿನ ನೆರಳಿನಲ್ಲಿ ಒರಗಿಸಿಟ್ಟಾಗ ಹಾಲು ಒಣಗಿ, ಗಾಯದ ಮೇಲೆ ಗಟ್ಟಿಯಾದ ಪೊರೆ ಕಟ್ಟಿಕೊಂಡಿತು. ಆಮೇಲೆ ಮಣ್ಣಿಗೆ ಅರ್ಧದಷ್ಟು ಮರಳು ಬೆರೆಸಿ, ನೆಲಮಟ್ಟದಿಂದ ಒಂದಡಿ ಎತ್ತರದ ದಿಣ್ಣೆ ಮಾಡಿ, ದಿನವಿಡೀ ಬಿಸಿಲು ಬೀಳುವಲ್ಲಿ ನೆಟ್ಟೆ. ಚಿಗುರು ಕಾಣುವವರೆಗೆ ನೀರನ್ನು ಕೈಬಿಗಿಹಿಡಿದೇ ಹಾಕಿದೆ. ಮಳೆ ಶುರುವಾಗುವುದರೊಳಗೆ ಬೇರು ಇಳಿದಿತ್ತು.

ಈಗಲೂ ಮಳೆಗಾಲದ ಕೊನೆಗೆ ಎಲೆಗಳ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿಯಂತೆ ತುಕ್ಕುರೋಗ ಕಾಣಿಸುತ್ತದೆ. ಅಂಥ ಎಲೆಗಳನ್ನು ಆರಿಸಿ ದೂರ ಸಾಗಿಸುತ್ತೇನೆ, ಔಷಧಿ ಹೊಡೆಯುವುದಿಲ್ಲ. ಹೇಗೂ ಎಲೆಯುದುರುವ ಕಾಲ ಹತ್ತಿರದಲ್ಲೇ ಇರುತ್ತದೆ.

ಮೂರನೆಯ ಬೇಸಿಗೆಗೆ ಹೂ ಬಂತು. ನಡುವಿನಲ್ಲಿ ಅರಿಸಿನ ಸವರಿದಂಥ ಐದು ಬಿಳಿ ಎಸಳುಗಳು, ಗಿರಗಟ್ಟೆಯ ರೆಕ್ಕೆಗಳಂತೆ ಒಂದರ ಅಂಚಿನ ಮೇಲೊಂದು ಕುಳಿತಿರುತ್ತವೆ. ಕತ್ತಲಾದಂತೆ ಪರಿಮಳ ಹೆಚ್ಚುತ್ತದೆ. ಅದನ್ನು ನಂಬಿ ಬರುವ ಪತಂಗಗಳಿಗೆ ಹೂವಿನಲ್ಲಿ ಮಕರಂದ ಸಿಗುವುದಿಲ್ಲ. ಅವು ಹುಡುಕಾಡುತ್ತ ಹೂವಿಂದ ಹೂವಿಗೆ ಪರಾಗವನ್ನು ಸಾಗಿಸುತ್ತವೆ.

ಕಳೆದ ಜುಲೈಯಲ್ಲಿ ಪಕ್ಕದ ಮನೆಯ ಅಕ್ಕ ಒಂದು ಕೊಂಬೆ ಕೇಳಿದರು. ಫೆಬ್ರುವರಿಯವರೆಗೆ ಕಾಯಿರಿ ಎಂದು ಹೇಳಿ, ಅವರಿಗೆಂದು ಆರಿಸಿದ ಕೊಂಬೆಗೆ ಕೆಂಪು ದಾರ ಕಟ್ಟಿಟ್ಟಿದ್ದೇನೆ.