ತಳ ಕಪ್ಪಾಗುವ ಟೊಮೆಟೊ: ಕಡೆಗೂ ಗುಟ್ಟು ರಟ್ಟಾಯಿತು

ಬೀಜ, ಸಸಿ, ನಾಟಿ ಯಾವುದನ್ನೂ ಈ ಸಲ ಬರೆಯುವುದಿಲ್ಲ. ಅದೆಲ್ಲ ನಿಮಗೂ ಗೊತ್ತು. ಎರಡು ತಿಂಗಳಿಂದ ನನ್ನ ನಿದ್ದೆ ಕೆಡಿಸಿದ್ದು ಒಂದೇ, ಟೊಮೆಟೊದ ಕಪ್ಪು ತಳ. ಮೊದಲ ಗೊಂಚಲುಗಳಲ್ಲಿ 14 ಕಾಯಿ ಬಿಟ್ಟವು, 9 ಕೆಟ್ಟವು. ಮೇಲಿಂದ ನೋಡಿದರೆ ಮಿರಿಮಿರಿ ಮಿಂಚುವ ಕಾಯಿ. ತಿರುಗಿಸಿದರೆ ಸುಟ್ಟ ಚರ್ಮದಂಥ ಚಪ್ಪಟೆ ಕಲೆ.

ಇದು ರೋಗವಲ್ಲ, ಕಾಯಿಗೆ ಕ್ಯಾಲ್ಸಿಯಂ ಸಿಗದೆ ಆಗುವ ತೊಂದರೆ ಅನ್ನುವುದು ಗೊತ್ತಿತ್ತು. ಸರಿ, ಕ್ಯಾಲ್ಸಿಯಂ ಸುರಿಯಲು ಶುರು ಮಾಡಿದೆ. ಮೊದಲು ಮೊಟ್ಟೆ ಚಿಪ್ಪಿನ ಪುಡಿ. ಅದು ಕರಗಿ ಬೇರಿಗೆ ಸಿಗುವಷ್ಟರಲ್ಲಿ ಗಿಡದ ಆಯುಸ್ಸೇ ಮುಗಿದಿರುತ್ತದೆ. ಆಮೇಲೆ ಎಲೆಗೆ ಸ್ಪ್ರೇ. ಎಲೆ ಸೇರಿದ ಕ್ಯಾಲ್ಸಿಯಂ ಅಲ್ಲಿಂದ ಕಾಯಿಗೆ ಹೋಗುವುದಿಲ್ಲ ಅಂತ ಓದಿದ್ದು ಅರ್ಧ ಬಾಟಲಿ ಖಾಲಿಯಾದ ಮೇಲೆ. ಸಿಟ್ಟಿಗೆ ಗೊಬ್ಬರ ಜಾಸ್ತಿ ಕೊಟ್ಟೆ. ಎಲೆಗಳು ಮದುವೆ ಮನೆಯ ಚಪ್ಪರದ ಹಾಗೆ ಹಬ್ಬಿದವು. ಕಾಯಿ ಇನ್ನಷ್ಟು ಕೆಟ್ಟವು.

ವಿಷಯ ಇಷ್ಟೇ. ಕ್ಯಾಲ್ಸಿಯಂ ನೀರಿನ ಜೊತೆ ಬೇರಿನಿಂದ ಮೇಲೇರುತ್ತದೆ. ನೀರು ಆವಿಯಾಗುವುದು ಎಲೆಯಿಂದ ಜಾಸ್ತಿ, ಕಾಯಿಯಿಂದ ತೀರಾ ಕಡಿಮೆ. ನೀರು ಸಾಲದೇ ಹೋದರೆ ಇದ್ದದ್ದನ್ನೆಲ್ಲ ಎಲೆಯೇ ಎಳೆದುಕೊಳ್ಳುತ್ತದೆ. ಕಾಯಿಯ ತುದಿ ಉಪವಾಸ. ಎಲೆ ಹೆಚ್ಚಿದಷ್ಟೂ ನನಗೇ ನಷ್ಟ!

ಆದರೆ ನಾನು ದಿನಾ ಬೆಳಗ್ಗೆ ತಪ್ಪದೆ ನೀರು ಹಾಕುತ್ತಿದ್ದೆನಲ್ಲ? ಅದೂ ಕುಂಡದ ತೂತಿನಿಂದ ಹೊರಗೆ ಬರುವವರೆಗೂ.

ಗುಟ್ಟು ಬಿಡಿಸಿದ್ದು ಪಕ್ಕದ ಮನೆಯ ಅಜ್ಜಿ. ಮೂರು ವರ್ಷದಿಂದ ನಮ್ಮ ನಡುವೆ ಒಂದು ಗೋಡೆ ಮತ್ತು ಒಂದು ನಗು, ಅಷ್ಟೇ ವ್ಯವಹಾರ. ಕೆಟ್ಟ ಕಾಯಿ ಕಿತ್ತು ಬಕೆಟ್ಟಿಗೆ ಎಸೆಯುತ್ತಿದ್ದಾಗ ಗೋಡೆಯಾಚೆಯಿಂದ ದನಿ ಬಂತು. "ಅಲ್ಲಪ್ಪಾ, ಮಧ್ಯಾಹ್ನ ನಿನ್ನ ಗಿಡ ತಲೆ ಬಾಗಿಸಿಕೊಂಡು ನಿಂತಿರುತ್ತೆ. ನಾನು ದಿನಾ ನೋಡ್ತೀನಿ. ನೀನು ಬರೋ ಹೊತ್ತಿಗೆ ಎದ್ದಿರುತ್ತೆ."

ನಾನು ಆಫೀಸಿನಲ್ಲಿರುವ ಹೊತ್ತು ಅದು. ನನಗೆಲ್ಲಿ ಗೊತ್ತಾಗಬೇಕು?

ಒಂದು ಕುಂಡವನ್ನು ಮಗುಚಿ ನೋಡಿದೆ. ಒಳಗಿನ ಮಣ್ಣಿನ ಮಿಶ್ರಣ ಒಣಗಿ ಕುಗ್ಗಿ ಕುಂಡದ ಗೋಡೆ ಬಿಟ್ಟಿತ್ತು. ನಾನು ಸುರಿದ ನೀರು ಆ ಸಂದಿನಲ್ಲಿ ಸರ್ರನೆ ಇಳಿದು ತೂತಿನಿಂದ ಹೋಗುತ್ತಿತ್ತು. ಮೇಲೆ ಒದ್ದೆ, ನಡುವೆ ಬೂದಿಯಂತೆ ಒಣ. ಇದಕ್ಕೆ ಅರ್ಧ ಕಾರಣ ಕುಂಡ ಮಾರಿದವರು. 12 ಇಂಚು ಅಂದಿದ್ದರು. ಬಾಯಿ ಮಾತ್ರ 12, ತಳ ಎಂಟೂ ಇಲ್ಲ. ಮಿಶ್ರಣಕ್ಕೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಕಳಿಸಿದ ಪುಣ್ಯಾತ್ಮರದು ಬೇರೆ ಕಥೆ. ಉಪ್ಪು ಹೋಗಲಿ ಅಂತ ಮೂರು ಸಲ ತೊಳೆದೆ. "ತೊಳೆದದ್ದು" ಅಂತ ಚೀಟಿಯೇನೋ ಇತ್ತು.

ಕುಂಡಗಳನ್ನು ನೀರಿನ ತೊಟ್ಟಿಯಲ್ಲಿ ಅರ್ಧ ಗಂಟೆ ಕೂರಿಸಿದೆ. ಸಂದಿಗೆ ಮಿಶ್ರಣ ತುಂಬಿ ಒತ್ತಿದೆ, ಮೇಲೆ ಎರಡು ಇಂಚು ಒಣ ಎಲೆ ಹೊದಿಸಿದೆ. ಬೆಳಗ್ಗೆ ನನ್ನ ಸರದಿ, ಮಧ್ಯಾಹ್ನ ಅಜ್ಜಿಯದು. ಮುಂದಿನ ಸುತ್ತಿನ 11 ಕಾಯಿಗಳಲ್ಲಿ 3 ಕೆಟ್ಟವು. ಅದರ ನಂತರದವು ಇಲ್ಲಿಯವರೆಗೆ ಸ್ವಚ್ಛ.

ತೋಟ ಆರೋಗ್ಯಕ್ಕೆ ಒಳ್ಳೆಯದು ಅನ್ನುತ್ತಾರಲ್ಲ, ಅದರ ಲೆಕ್ಕವನ್ನೂ ಬರೆದುಬಿಡುತ್ತೇನೆ. ಬಕೆಟ್ ಹೊತ್ತು ಮೆಟ್ಟಿಲು ಹತ್ತಿದ್ದು ದಿನಕ್ಕೆ 11 ಮಹಡಿ ಅನ್ನುತ್ತಿದೆ ಮೊಬೈಲು. ಇದು ಲಾಭ. ನೆನೆದ ಕುಂಡ ಎತ್ತಿ ಸೊಂಟ ಹಿಡಿದುಕೊಂಡಿದ್ದು ನಷ್ಟ. ಕೂತು, ಬೆನ್ನು ನೆಟ್ಟಗಿಟ್ಟು ಎತ್ತಿ, ದಯವಿಟ್ಟು. ನೆದರ್ಲೆಂಡ್ಸ್‌ನಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. 30 ತೋಟಗಾರರಿಗೆ ಮೊದಲು ಬೇಕಂತಲೇ ಒತ್ತಡದ ಕೆಲಸ ಕೊಟ್ಟರು. ಆಮೇಲೆ ಕೆಲವರಿಗೆ ಅರ್ಧ ಗಂಟೆ ತೋಟದ ಕೆಲಸ, ಉಳಿದವರಿಗೆ ಒಳಗೆ ಕೂತು ಓದು. ಒತ್ತಡದ ಹಾರ್ಮೋನು ಕಾರ್ಟಿಸಾಲ್ ಎರಡೂ ಕಡೆ ಇಳಿಯಿತು, ತೋಟದವರಲ್ಲಿ ಇನ್ನೂ ಜಾಸ್ತಿ. ಅವರ ಟೊಮೆಟೊಗಳಿಗೆ ಕಪ್ಪು ತಳ ಇರಲಿಲ್ಲ ಅಂತ ಕಾಣುತ್ತದೆ.

ಅಜ್ಜಿ ಈಗ ನೀರು ಹಾಕಿ ಸುಮ್ನೆ ಹೋಗುವುದಿಲ್ಲ. ಸಂಜೆ ಗೋಡೆಯ ಹತ್ತಿರ ವರದಿ ಒಪ್ಪಿಸುತ್ತಾರೆ. ಯಾವ ಎಲೆ ಮುದುಡಿತು, ಯಾವ ಹೂ ಉದುರಿತು, ಅವರ ಮಂಡಿ ನೋವು ಎಷ್ಟಿದೆ. ಹತ್ತು ನಿಮಿಷ ಅಂದುಕೊಂಡರೆ ನಲವತ್ತು ಆಗುತ್ತದೆ. ಮೊಬೈಲು ಒಳಗೇ ಬಿದ್ದಿರುತ್ತದೆ.

ಮುಂದಿನ ಯೋಜನೆ ಆಗಲೇ ತಲೆಯಲ್ಲಿ ಕುಣಿಯುತ್ತಿದೆ. ಎರಡು ಬಕೆಟ್, ಮೇಲಿನದರಲ್ಲಿ ಗಿಡ, ಕೆಳಗಿನದರಲ್ಲಿ ನೀರು, ನಡುವೆ ನೀರನ್ನು ಮೇಲಕ್ಕೆಳೆಯುವ ಬಟ್ಟೆಯ ಬತ್ತಿ. ಹತ್ತಿ ಬಟ್ಟೆ ನೀರು ಚೆನ್ನಾಗಿ ಎಳೆಯುತ್ತದೆ, ಆದರೆ ಬೇಗ ಕೊಳೆಯುತ್ತದೆ. ಹಳೆಯ ಪಾಲಿಯೆಸ್ಟರ್ ಬನಿಯನ್ ಒಂದನ್ನು ಪಟ್ಟಿ ಮಾಡಿ ಇಟ್ಟಿದ್ದೇನೆ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. "ಹಾಗಾದ್ರೆ ಮಧ್ಯಾಹ್ನ ನಾನು ಬರೋದು ಬೇಡ್ವಾ?" ಅಂತ ಅಜ್ಜಿ ಕೇಳಿದರು. ಅವರಿಗೂ ಒಂದು ಬಕೆಟ್ ಗಿಡ ಅಂತ ತೀರ್ಮಾನವಾಗಿದೆ. ಕೆಲಸ ಭಾನುವಾರ. ತೂತು ಕೊರೆಯುವ ಡ್ರಿಲ್ ಅವರ ಮನೆಯಲ್ಲೇ ಇದೆಯಂತೆ.