ತೋಟದ ಕಚೇರಿಯ ಗಣಕಕ್ಕೆ ನೆಟ್ ಇಲ್ಲದೆ ಪ್ಯಾಕೇಜು: ಕೆಲಸ ಎಲ್ಲಿಗೆ ಬಂತು

ಜಾಗ ನಾಪೋಕ್ಲು ಕಡೆಯ ಕಾಫಿ ತೋಟದ ಕಚೇರಿ. ಗಣಕ ಹಳೆಯದು, 32 ಬಿಟ್, ಅದರಲ್ಲಿರುವುದು ಡೆಬಿಯನ್ 12 (ಲಿನಕ್ಸ್ ಕುಟುಂಬದ ಆಪರೇಟಿಂಗ್ ಸಿಸ್ಟಂ). ನೆಟ್ ಇಲ್ಲ, ಹಾಗಾಗಿ ಪ್ಯಾಕೇಜುಗಳನ್ನು (ತಂತ್ರಾಂಶದ ಕಟ್ಟುಗಳನ್ನು) ಬೇರೆಡೆ ಇಳಿಸಿ ತಂದು ಹಾಕಬೇಕು. ಮಳೆಯ ಲೆಕ್ಕಕ್ಕೆ (ತೋಟದವರು ಇಂದಿಗೂ ಇಂಚು-ಸೆಂಟಿನಲ್ಲೇ ಬರೆಯುತ್ತಾರೆ; ಸೆಂಟು ಎಂದರೆ ಇಂಚಿನ ನೂರನೇ ಭಾಗ) ಜಿನ್ಯೂಮೆರಿಕ್ ಎಂಬ ಸ್ಪ್ರೆಡ್‌ಶೀಟ್, ಕನ್ನಡ ಟೈಪಿಂಗ್‌ಗೆ ಐಬಸ್-ಎಂ17ಎನ್, ಜೊತೆಗೆ ಲೋಹಿತ್ ಕನ್ನಡ ಫಾಂಟ್ ಬೇಕು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ಕ್ಕೆ 32 ಬಿಟ್ ಪಿಸಿಯ ಇನ್‌ಸ್ಟಾಲರೇ ಇಲ್ಲ, ಹಾಗಾಗಿ 12ರಲ್ಲೇ ಮುಂದುವರಿಕೆ.

ಇಳಿಸಿಕೊಳ್ಳುವುದು

ಮಡಿಕೇರಿಯಲ್ಲಿ ನೆಟ್ ಇರುವ ಲ್ಯಾಪ್‌ಟಾಪಿನಲ್ಲಿ ಆಪ್ಟ್-ಗೆಟ್‌ಗೆ (ಪ್ಯಾಕೇಜು ಇಳಿಸಿ ಹಾಕುವ ಆಜ್ಞೆ) ‘ಡೌನ್‌ಲೋಡ್-ಓನ್ಲಿ’ ಕೊಟ್ಟರೆ ಸಾಲದು. ಆ ಲ್ಯಾಪ್‌ಟಾಪಿನಲ್ಲಿ ಆಗಲೇ ಇರುವ ಲೈಬ್ರರಿಗಳನ್ನು ಅದು ಇಳಿಸುವುದೇ ಇಲ್ಲ. ತೋಟಕ್ಕೆ ಬಂದ ಮೇಲೆ ಅವೇ ಕೊರತೆ ಬೀಳುತ್ತವೆ. ಏನು ಬೇಕು, ಏನು ಬೇಡ ಎಂದು ಹೇಳಬೇಕಾದ್ದು ತೋಟದ ಗಣಕ. ಅದರ /ವಾರ್/ಲಿಬ್/ಡಿಪಿಕೆಜಿ/ಸ್ಟೇಟಸ್ ಕಡತವನ್ನು (ಆ ಗಣಕದಲ್ಲಿ ಯಾವ ಯಾವ ಪ್ಯಾಕೇಜು ಇದೆ ಎಂಬ ಪಟ್ಟಿ) ಪೆನ್‌ಡ್ರೈವ್‌ನಲ್ಲಿ ತಂದರೆ ಅರ್ಧ ಕೆಲಸ ಮುಗಿದಂತೆ.

ಲ್ಯಾಪ್‌ಟಾಪಿನಲ್ಲಿ ಬೇರೆಯೇ ಫೋಲ್ಡರ್ ಮಾಡಿ, ಅದರೊಳಗೆ ಸ್ಟೇಟಸ್ ಕಡತ, ಬುಕ್‌ವರ್ಮ್‌ನ (ಡೆಬಿಯನ್ 12ರ ಇನ್ನೊಂದು ಹೆಸರು) ಸೋರ್ಸಸ್ ಪಟ್ಟಿ (ಎಲ್ಲಿಂದ ಇಳಿಸಬೇಕು ಎಂಬುದು), ಖಾಲಿ ಲಿಸ್ಟ್ಸ್ ಮತ್ತು ಆರ್ಕೈವ್ಸ್ ಫೋಲ್ಡರ್‌ಗಳು (ಎರಡರಲ್ಲೂ ‘ಪಾರ್ಶಿಯಲ್’ ಎಂಬ ಒಳಫೋಲ್ಡರ್) ಇಡಬೇಕು. ಇವುಗಳ ಪೂರ್ತಿ ಪಾತ್‌ಗಳನ್ನು ಒಂದು ಸಂರಚನಾ ಕಡತದಲ್ಲಿ ಬರೆದು, ಆರ್ಕಿಟೆಕ್ಚರ್ ಸಾಲಿಗೂ ಆರ್ಕಿಟೆಕ್ಚರ್ಸ್ ಸಾಲಿಗೂ ಐ386 (32 ಬಿಟ್) ಎಂದೇ ಹಾಕಬೇಕು. ಒಂದನ್ನು ಬಿಟ್ಟರೂ ಎಎಂಡಿ64 (64 ಬಿಟ್) ಕಡತಗಳು ನುಸುಳಬಹುದು. ಅವನ್ನು ತೋಟದ ಗಣಕದ ಡಿಪಿಕೆಜಿ (ಪ್ಯಾಕೇಜನ್ನು ಬಿಚ್ಚಿ ಕೂರಿಸುವ ತಂತ್ರಾಂಶ) ಬಾಗಿಲಲ್ಲೇ ತಿರಸ್ಕರಿಸುತ್ತದೆ. ಮೊದಲು ಅಪ್‌ಡೇಟ್, ಆಮೇಲೆ ಡೌನ್‌ಲೋಡ್-ಓನ್ಲಿ ಇನ್‌ಸ್ಟಾಲ್. ಎರಡಕ್ಕೂ ಅದೇ ಸಂರಚನಾ ಕಡತ. ಲ್ಯಾಪ್‌ಟಾಪಿನಲ್ಲಿ ಉಬುಂಟು ಇದ್ದರೆ ಡೆಬಿಯನ್-ಆರ್ಕೈವ್-ಕೀರಿಂಗ್ (ಡೆಬಿಯನ್‌ನ ಸಹಿ ಪರೀಕ್ಷಿಸುವ ಕೀಲಿಗಳು) ಮೊದಲೇ ಹಾಕಿರಬೇಕು, ಇಲ್ಲವಾದರೆ ಸಹಿ ಪರೀಕ್ಷೆಯಲ್ಲೇ ನಿಲ್ಲುತ್ತದೆ.

ಗಾತ್ರ ಇಳಿಸಲು ‘ನೋ-ಇನ್‌ಸ್ಟಾಲ್-ರೆಕಮೆಂಡ್ಸ್’ (ಶಿಫಾರಸು ಮಾತ್ರ ಆದವನ್ನು ಬಿಡು) ಒಳ್ಳೆಯದೇ. ಆದರೆ ಐಬಸ್-ಜಿಟಿಕೆ3 (ಜಿನ್ಯೂಮೆರಿಕ್‌ನಂಥ ತಂತ್ರಾಂಶದಲ್ಲಿ ಐಬಸ್‌ನಿಂದ ಟೈಪಿಸಲು ಬೇಕಾದದ್ದು) ಬರುವುದು ಶಿಫಾರಸಿನ ಸಾಲಿನಲ್ಲಿ, ಹೆಸರು ಹೇಳಿಯೇ ಕೇಳಿಕೊಳ್ಳಬೇಕು.

ಸಾಗಿಸುವುದು, ಹಾಕುವುದು

ಪೆನ್‌ಡ್ರೈವ್‌ಗೆ ನಕಲು ಆದ ಮೇಲೆ ‘ಸಿಂಕ್’ (ಬಾಕಿ ಬರಹವನ್ನೆಲ್ಲ ಪೆನ್‌ಡ್ರೈವ್‌ಗೆ ಇಳಿಸುವ ಆಜ್ಞೆ) ಮುಗಿಯುವವರೆಗೆ ಕೀಳಬಾರದು. ಶಾ256ಸಮ್ ಪಟ್ಟಿಯನ್ನು (ಕಡತ ಕೆಟ್ಟಿಲ್ಲ ಎಂದು ನೋಡುವ ಗುರುತು ಸಂಖ್ಯೆಗಳು) ಲ್ಯಾಪ್‌ಟಾಪಿನಲ್ಲೇ ಮಾಡಿ ಜೊತೆಗಿಟ್ಟು ತೋಟದಲ್ಲಿ ತಾಳೆ ನೋಡಿ. ಸಹಿ ನೋಡಿದ್ದು ಇಳಿಸುವಾಗ ಮಾತ್ರ; ಕೈಯಲ್ಲಿ ಕೊಟ್ಟ ಡೆಬ್ (ಡೆಬಿಯನ್ ಪ್ಯಾಕೇಜು) ಕಡತವನ್ನು ಆಪ್ಟ್ ಹಾಗೇ ನಂಬುತ್ತದೆ.

ತೋಟದಲ್ಲಿ ಕಡತಗಳ ಫೋಲ್ಡರಿಗೆ ಹೋಗಿ ‘ಆಪ್ಟ್ ಇನ್‌ಸ್ಟಾಲ್ ./*.ಡೆಬ್’ ಕೊಟ್ಟರೆ ಅನುಕ್ರಮವನ್ನು ಅದೇ ನೋಡಿಕೊಳ್ಳುತ್ತದೆ. ‘_ಆಪ್ಟ್’ ಬಳಕೆದಾರನಿಗೆ ಕಡತ ಸಿಗಲಿಲ್ಲ ಎಂಬ ಸೂಚನೆ ಬಂದರೆ ಗಾಬರಿ ಬೇಡ. ನಡುವೆ ಕರೆಂಟ್ ಹೋದರೆ (ಜುಲೈನಲ್ಲಿ ಯುಪಿಎಸ್ ಇಲ್ಲದೆ ಇದಕ್ಕೆ ಕೈ ಹಾಕುವುದೇ ಬೇಡ) ‘ಡಿಪಿಕೆಜಿ --ಕಾನ್ಫಿಗರ್ -ಎ’ ಕೊಟ್ಟು ಮುಂದುವರಿಸಿ. ಆಪ್ಟ್‌ನ ‘ಫಿಕ್ಸ್-ಬ್ರೋಕನ್’ಗೆ ಮಾತ್ರ ಕಣ್ಣುಮುಚ್ಚಿ ವೈ ಒತ್ತಬೇಡಿ: ಕೊರತೆ ತುಂಬಲು ನೆಟ್ ಇಲ್ಲದಿದ್ದಾಗ, ಅರ್ಧ ಕೂತ ಪ್ಯಾಕೇಜನ್ನೇ ಕಿತ್ತುಹಾಕುವುದು ಅದರ ಪರಿಹಾರ.

ಟೈಮ್‌ಸ್ಟಾಂಪ್ ಭವಿಷ್ಯದ್ದು ಎಂದು ಟಾರ್ (ಕಟ್ಟು ಬಿಚ್ಚುವ ತಂತ್ರಾಂಶ) ಸಾಲುಸಾಲಾಗಿ ಗೊಣಗಿದರೆ ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದೆ ಎಂದೇ ಅನುಮಾನಿಸಿ. ನೆಟ್ ಇಲ್ಲದ ಗಣಕದ ಗಡಿಯಾರವನ್ನು ಸರಿಮಾಡುವವರು ಯಾರೂ ಇಲ್ಲ. ಪ್ಯಾಕೇಜಿಗೆ ಅದರಿಂದ ಕೇಡಿಲ್ಲ, ಮಳೆ ಲೆಕ್ಕದ ತಾರೀಕಿಗೆ ಇದೆ. ಸೆಲ್ ಬದಲಿಸಿ, ‘ಡೇಟ್’ನಿಂದ ಸಮಯ ಹಾಕಿ, ಅದನ್ನು ಮದರ್‌ಬೋರ್ಡಿನ ಗಡಿಯಾರಕ್ಕೂ ಬರೆಯಲು ‘ಎಚ್‌ಡಬ್ಲ್ಯುಕ್ಲಾಕ್ --ಸಿಸ್ಟೋಎಚ್‌ಸಿ’ ಕೊಡಿ.

ಈಗಿನ ಸ್ಥಿತಿ

ಜಿನ್ಯೂಮೆರಿಕ್ ಓಡುತ್ತಿದೆ. ಕನ್ನಡಕ್ಕೆ ಐಬಸ್‌ನಲ್ಲಿ ಕೆಜಿಪಿ ವಿನ್ಯಾಸ ಆರಿಸಿದೆ. ಅದು ‘ನುಡಿ’ ತಂತ್ರಾಂಶದ ಕೀಲಿ ವಿನ್ಯಾಸವೇ, ಅದರಲ್ಲಿ ಕೈ ಪಳಗಿದ ರೈಟರಿಗೆ (ತೋಟದ ಗುಮಾಸ್ತರಿಗೆ) ಬೇರೆ ಕಲಿಸಬೇಕಿಲ್ಲ.

ಬಾಕಿ: ಇದೇ ಕಡತಗಳನ್ನು ಡಿಪಿಕೆಜಿ-ಸ್ಕ್ಯಾನ್‌ಪ್ಯಾಕೇಜಸ್‌ನಿಂದ ಸ್ಥಳೀಯ ಭಂಡಾರ ಮಾಡಿ, ಸೋರ್ಸಸ್ ಪಟ್ಟಿಯಲ್ಲಿ ‘ಟ್ರಸ್ಟೆಡ್=ಯೆಸ್’ (ಸಹಿ ಇಲ್ಲದಿದ್ದರೂ ನಂಬು) ಹಾಕಿ ಸೇರಿಸುವುದು. ಮುಂದಿನ ಸಲ ಇಳಿಸುವ ಮೊದಲು ಸ್ಟೇಟಸ್ ಕಡತವನ್ನು ಹೊಸದಾಗಿ ತರಬೇಕು, ಹಳೆಯದಕ್ಕೆ ಈಗ ಹಾಕಿದ್ದು ಯಾವುದೂ ಗೊತ್ತಿಲ್ಲ.