ಕಲ್ಲಿಗೆ ಮುಳ್ಳು ಹಾಕಿಸಿದ ದಿನ

ನಮ್ಮ ಹಿತ್ತಲಿನ ನುಗ್ಗೆಮರದ ಬುಡದಲ್ಲಿ ರಾಗಿಕಲ್ಲು ಬಿದ್ದು ಇಪ್ಪತ್ತು ವರ್ಷದ ಮೇಲಾಗಿತ್ತು. ಕೆಳಗಲ್ಲಿನ ಮೇಲೆ ತಮ್ಮನ ಹೆಂಡತಿ ಬಿಂದಿಗೆ ಇಡುತ್ತಿದ್ದಳು. ಮೇಲ್ಗಲ್ಲು ಕೋಳಿಗೂಡಿನ ಬಾಗಿಲಿಗೆ ಒತ್ತಾಗಿ ನಿಂತಿತ್ತು. ಅದರ ಹಿಡಿಗೂಟ ಯಾವತ್ತೋ ಗೆದ್ದಲು ಹಿಡಿದು ಹೋಗಿತ್ತು.

ಹೋದ ಮಾಗಿಯಲ್ಲಿ ಮಗಳು ಕೂಸನ್ನು ಎತ್ತಿಕೊಂಡು ಊರಿಗೆ ಬಂದಳು. ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ, ನುಗ್ಗೇಹಳ್ಳಿಗೆ ಹತ್ತಿರದ ಊರು ನಮ್ಮದು. ಕೂಸಿಗೆ ಆರು ತಿಂಗಳು ತುಂಬಿತ್ತು, ರಾಗಿ ಸರಿ ಶುರು ಮಾಡಬೇಕಿತ್ತು. ಅವ್ವ ಎರಡು ಸೇರು ರಾಗಿ ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಒಣಗಿಸಿ ಇಟ್ಟಿದ್ದಳು. ಕೊಡು, ಮಿಲ್ಲಿಗೆ ಹಾಕಿಸಿಕೊಂಡು ಬರ್ತೀನಿ ಅಂದೆ.

“ಮಿಲ್ಲಿಗೆ ಬ್ಯಾಡ ಕಣೇ. ನಮ್ಗಿಂತ ಮುಂಚೆ ಯಾರು ಏನ್ ಹಾಕ್ಸಿರ್ತಾರೋ. ಗೋಧಿನೋ, ಜೋಳನೋ. ಕೂಸಿನ ಹೊಟ್ಟೆಗೆ ಹೋಗೋದು. ಕಲ್ಲು ಎತ್ತಿಸು.”

ಅವ್ವ ಹೇಳಿದ್ದು ಸುಳ್ಳಲ್ಲ. ಮಿಲ್ಲಿನ ಕಲ್ಲುಗಳ ನಡುವೆ, ಹಿಟ್ಟು ಇಳಿಯುವ ಕಡೆ, ಮುಂಚಿನವರ ಹಿಟ್ಟು ಒಂದಿಷ್ಟು ಉಳಿದೇ ಇರುತ್ತೆ. ಹತ್ತಿಪ್ಪತ್ತು ಸೇರು ಹಾಕಿಸುವವರಿಗೆ ಅದು ಲೆಕ್ಕಕ್ಕಿಲ್ಲ. ಎರಡು ಸೇರು ತಂದವರಿಗೆ ಲೆಕ್ಕವೇ.

ತಮ್ಮನೂ ನಾನೂ ಸೇರಿ ಕಲ್ಲು ಎತ್ತಿದೆವು. ಒಂದೂವರೆ ಅಡಿ ಅಗಲ. ಮೇಲ್ಗಲ್ಲೇ 30 ಕೆ.ಜಿ.ಗೆ ಕಮ್ಮಿ ಇಲ್ಲ. ತಿಕ್ಕಿ ತೊಳೆದು ಒಣಗಿಸಿ, ಜಗಲಿಯಲ್ಲಿ ಕೂರಿಸಿ, ಹೊಸ ಗೂಟ ಕೆತ್ತಿ ಸಿಕ್ಕಿಸಿದ್ದಾಯಿತು. ಒಂದು ಹಿಡಿ ರಾಗಿ ಹಾಕಿ ತಿರುಗಿಸಿದರೆ ಮುಕ್ಕಾಲು ಪಾಲು ಕಾಳು ಕಾಳಾಗೇ ಹೊರಗೆ ಬಂತು. ಅವ್ವ ಮೇಲ್ಗಲ್ಲು ತೆಗೆಸಿ ಕಲ್ಲಿನ ಮುಖದ ಮೇಲೆ ಅಂಗೈ ಆಡಿಸಿದಳು. ಸವೆದು ಸವೆದು ನುಣ್ಣಗಾಗಿತ್ತು. “ಮೊಂಡಾಗೈತೆ. ಮುಳ್ಳು ಹಾಕ್ಸದೆ ಇದು ಬೀಸಲ್ಲ” ಅಂದಳು.

ಮುಳ್ಳು ಹಾಕಿಸೋದು ಅಂದರೆ ಕಲ್ಲಿನ ಮುಖಕ್ಕೆ ಉಳಿ ಹೊಡೆಸಿ ಮತ್ತೆ ಒರಟು ಮಾಡಿಸೋದು. ನಾನು ಚಿಕ್ಕವಳಿದ್ದಾಗ ಸುಗ್ಗಿ ಮುಗಿದ ಮೇಲೆ ಕಲ್ಲುಕುಟಿಗರು ಉಳಿ ಸುತ್ತಿಗೆ ಚೀಲ ಹೆಗಲಿಗೆ ಹಾಕಿಕೊಂಡು ಬೀದಿಯಲ್ಲಿ ಕೂಗುತ್ತಾ ಬರುತ್ತಿದ್ದರು. ಈಗ ಹುಡುಕಿದರೂ ಸಿಗುವುದಿಲ್ಲ. ಮೂರು ದಿನ ಅಲೆದೆ. ಕೊನೆಗೆ ಶ್ರವಣಬೆಳಗೊಳದ ಕಡೆ ಹೋಗುವ ದಾರಿಯಲ್ಲಿ ಬೇಲಿ ಕಂಬ ಸೀಳುತ್ತಿದ್ದ ಹುಡುಗರನ್ನು ಕೇಳಿದೆ. ಅವರಲ್ಲೊಬ್ಬ, “ನಮ್ಮ ತಾತಂಗೆ ಗೊತ್ತು. ಆದ್ರೆ ಈಗ ಯಾರೂ ಕರೆಯಲ್ಲ” ಅಂದ.

ಭಾನುವಾರ ಬೆಳಿಗ್ಗೆ ಆ ಹುಡುಗನ ಬೈಕಿನಲ್ಲಿ ಅವನ ತಾತ, ಕಲ್ಲುಕುಟಿಗ ಯಜಮಾನರು ಬಂದರು. ಎಪ್ಪತ್ತು ದಾಟಿದ ವಯಸ್ಸು. ಸಿಮೆಂಟ್ ಚೀಲದಲ್ಲಿ ನಾಲ್ಕು ಚಾಣ, ಅಂದರೆ ಕಲ್ಲು ಹೊಡೆಯೋ ಉಳಿ, ಎರಡು ಸುತ್ತಿಗೆ. ಕಾಫಿ ಆಮೇಲೆ, ಮೊದಲು ಕಲ್ಲು ತೋರಿಸಿ ಅಂದರು. ಕೂತವರು ಚಾಣ ಹಿಡಿಯಲಿಲ್ಲ. ಸುತ್ತಿಗೆಯಿಂದ ಕಲ್ಲಿನ ಅಂಚಿಗೆ ಸುತ್ತಲೂ ಮೆಲ್ಲಗೆ ತಟ್ಟುತ್ತಾ ಹೋದರು. ಕಿವಿ ಕಲ್ಲಿನ ಹತ್ತಿರವೇ ಇತ್ತು. ಕಣ್ ಕಣ್ ಅಂತ ಒಂದೇ ಸಮ ಸದ್ದು.

“ಒಳಗೆ ಬಿರುಕಿದ್ರೆ ಬದ್ ಅಂತೈತೆ. ಇದ್ಕೆ ಏನೂ ಆಗಿಲ್ಲ ತಾಯಿ.”

ಅವರ ತಾತನ ಕಾಲದಲ್ಲಿ ಬಂಡೆಯಿಂದ ಚಪ್ಪಡಿ ಎಬ್ಬಿಸೋಕೆ ಸಿಡಿಮದ್ದು ಇಡುತ್ತಿರಲಿಲ್ಲವಂತೆ. ಬಂಡೆಯ ಮೇಲೆ ಸಾಲಾಗಿ ಸೌದೆ ಉರಿಸಿ, ಆ ಬೆಂಕಿಯನ್ನು ನಿಧಾನಕ್ಕೆ ಮುಂದೆ ಸರಿಸುತ್ತಾ ಹೋಗೋದು. ಒಬ್ಬ ಸುತ್ತಿಗೆಯಲ್ಲಿ ತಟ್ಟಿ ಕೇಳುತ್ತಲೇ ಇರಬೇಕು. ಕೆಳಗೆ ಪದರ ಬಿಟ್ಟುಕೊಂಡ ಕಡೆ ಸದ್ದು ಟೊಳ್ಳಾಗುತ್ತೆ. ಆಗ ಬೆಂಕಿಯನ್ನು ಒಂದಿಷ್ಟು ಮುಂದಕ್ಕೆ ತಳ್ಳೋದು. ಬೆಂಗಳೂರಿನ ಸುತ್ತಮುತ್ತ ಹೀಗೆ ಕಲ್ಲು ಎಬ್ಬಿಸುತ್ತಿದ್ದುದನ್ನು 19ನೇ ಶತಮಾನದ ಕೊನೆಯಲ್ಲಿ ಕಂಡವರು ಬರೆದಿಟ್ಟಿದ್ದಾರೆ. ಅದನ್ನು ಓದಿದ್ದೆ. ಆ ಕೆಲಸ ಮಾಡಿದ ಮನೆತನದವರ ಬಾಯಿಂದಲೇ ಕೇಳಿದ್ದು ಅವತ್ತು. ಮೈ ಜುಮ್ಮೆಂದಿತು.

ನಾನು ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಇತಿಹಾಸ ಹೇಳಿಕೊಟ್ಟವಳು. ಮಕ್ಕಳನ್ನು ಬೇಲೂರು, ಹಳೇಬೀಡಿಗೆ ಎಷ್ಟು ಸಲ ಕರೆದುಕೊಂಡು ಹೋಗಿದ್ದೀನೋ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಬೇಲೂರಿನಲ್ಲಿ ತಮ್ಮ ಹೆಸರು ಕೆತ್ತಿಟ್ಟಿದ್ದಾರೆ. ನಮ್ಮ ನುಗ್ಗೇಹಳ್ಳಿಯ 1246ರ ಗುಡಿಯಲ್ಲಿ ಬೈಚೋಜ, ಮಲ್ಲಿತಮ್ಮ ಇವರ ಹೆಸರಿದೆ. ಅವರು ಕೆತ್ತಿದ್ದು ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಬಿದ್ದ ಮೇಲೆ ಬರಬರುತ್ತಾ ಗಟ್ಟಿ. ಸರದ ಒಂದೊಂದು ಮಣಿಯನ್ನೂ ಬಿಡಿಸೋಕೆ ಆಗಿದ್ದು ಅದಕ್ಕೇ. ಅದೇ ಕಲ್ಲಿನಲ್ಲಿ ರಾಗಿಕಲ್ಲು ಮಾಡಬಹುದಾ ಅಂತ ಯಜಮಾನರನ್ನು ಕೇಳಿದೆ.

“ಮಾಡ್ಬೌದು. ರಾಗಿ ಜತೆ ಕಲ್ಲೂ ಹಿಟ್ಟಾಗ್ತೈತೆ. ಬೀಸೋಕೆ ಗೊಮ್ಮಟನ ಬೆಟ್ಟದಂಥ ಕಲ್ಲೇ ಆಗ್ಬೇಕು.”

ಬೆಳಗೊಳದ 58 ಅಡಿ ಗೊಮ್ಮಟ ನಿಂತಿರೋದು ಗ್ರಾನೈಟ್ ಬಂಡೆಯಲ್ಲಿ. ನಮ್ಮ ರಾಗಿಕಲ್ಲೂ ಅದೇ ಜಾತಿಯದು. ನಮ್ಮ ಜಿಲ್ಲೆಗೆ ಬರುವವರು ಹೆಚ್ಚಾಗಿ ಬಳಪದ ಕಲ್ಲು ನೋಡೋಕೆ ಬರ್ತಾರೆ, ಬರಬೇಕಾದ್ದೇ. ಆದರೆ ಆ ಶಿಲ್ಪಿಗಳು ಉಂಡ ಹಿಟ್ಟು ಯಾವುದೋ ಗಟ್ಟಿ ಕಲ್ಲಿನ ನಡುವಿನಿಂದಲೇ ಇಳಿದಿರಬೇಕಲ್ವಾ? ಆ ಕಲ್ಲು ಕಡೆದವರ ಹೆಸರನ್ನು ನಾನು ಯಾವ ಪಾಠದಲ್ಲೂ ಹೇಳಲಿಲ್ಲ. ನಮ್ಮ ಎರಡೂ ಕಲ್ಲಿನ ಪಕ್ಕದಲ್ಲಿ ಎರಡು ಗೀಟು, ಒಂದು ಚುಕ್ಕಿ ಇದೆ. ಮಾಡಿದವರ ಗುರುತು ಇರಬಹುದು ಅಂತ ಆಸೆಯಿಂದ ತೋರಿಸಿದೆ. ಯಜಮಾನರು ಬೆರಳಲ್ಲಿ ಮುಟ್ಟಿ ನೋಡಿದರು. “ಅದು ಜೋಡಿ ಗುರುತು ತಾಯಿ. ಹತ್ತು ಕಲ್ಲು ಒಟ್ಟಿಗೆ ಮಾಡಿದಾಗ ಯಾವ ಮೇಲ್ಗಲ್ಲು ಯಾವ ಕೆಳಗಲ್ಲಿಗೆ ಅಂತ ಮರೀಬಾರ್ದಲ್ಲ.”

ಆಮೇಲೆ ಕೆಲಸ ಶುರುವಾಯಿತು. ಕೆಮ್ಮಣ್ಣು ಕಲಸಿ ಕೆಳಗಲ್ಲಿಗೆ ತೆಳ್ಳಗೆ ಬಳಿದರು. ಮೇಲ್ಗಲ್ಲು ಕೂರಿಸಿ ಎರಡು ಸುತ್ತು ತಿರುಗಿಸಿ ಎತ್ತಿದರು. ಮೇಲ್ಗಲ್ಲಿನಲ್ಲಿ ಎಲ್ಲೆಲ್ಲಿ ಕೆಂಪು ಹತ್ತಿತ್ತೋ ಅಲ್ಲೆಲ್ಲ ಉಬ್ಬು. ಮೊದಲು ಆ ಉಬ್ಬು ಇಳಿಸಿದರು. ಮತ್ತೆ ಮಣ್ಣು, ಮತ್ತೆ ಎರಡು ಸುತ್ತು. ಹೀಗೆ ಐದು ಸಲ. ಯುರೋಪಿನ ಹಳೇ ಗಿರಣಿಗಳಲ್ಲೂ ಮರದ ಪಟ್ಟಿಗೆ ಕೆಂಪು ಬಣ್ಣ ಬಳಿದು, ಕಲ್ಲಿನ ಮೇಲೆ ಆಡಿಸಿ ಉಬ್ಬು ಹುಡುಕುತ್ತಿದ್ದರು. ಸಮುದ್ರದಾಚೆ ಅವರಿಗೆ ಹೊಳೆದದ್ದೇ ಇಲ್ಲಿ ಇವರಿಗೂ ಹೊಳೆದಿದೆ.

ಇಷ್ಟು ವರ್ಷ ನಾನು ಎರಡು ಕಲ್ಲಿನ ಮುಖವೂ ಚಪ್ಪಟೆ ಅಂದುಕೊಂಡಿದ್ದೆ. ಅಲ್ಲ. ಕೆಳಗಲ್ಲು ನಡುವೆ ಒಂಚೂರು ಉಬ್ಬು. ಮೇಲ್ಗಲ್ಲು ನಡುವೆ ಅದಕ್ಕಿಂತ ಒಂಚೂರು ಜಾಸ್ತಿ ತಗ್ಗು. ಹಾಗಾಗಿ ಕಾಳು ಹಾಕುವ ಬಾಯಿಯ ಹತ್ತಿರ ಎರಡರ ನಡುವೆ ರಾಗಿ ನುಸುಳುವಷ್ಟು ಜಾಗ ಇರುತ್ತೆ. ಅಂಚಿಗೆ ಹೋಗುತ್ತಾ ಜಾಗ ಕಿರಿದಾಗುತ್ತೆ. ರಾಗಿ ಒಳಗೆ ಒಡೆದು, ಸುತ್ತುತ್ತಾ ಹೊರಕ್ಕೆ ಸರಿದು, ಅಂಚಿನ ನಾಲ್ಕು ಬೆರಳಗಲದಲ್ಲಿ ಹಿಟ್ಟಾಗುತ್ತೆ. ಅದಕ್ಕೇ ನಡುವೆ ಬಿಡಿಬಿಡಿಯಾಗಿ ದಪ್ಪ ಮುಳ್ಳು, ಅಂಚಿನಲ್ಲಿ ಒತ್ತೊತ್ತಾಗಿ ಸಣ್ಣ ಮುಳ್ಳು. ಬೇಳೆ ಒಡೆಯೋದಾದರೆ ನಡುಗೂಟಕ್ಕೆ ಬಟ್ಟೆ ಸುತ್ತಿ ಮೇಲ್ಗಲ್ಲನ್ನು ಸ್ವಲ್ಪ ಎತ್ತರಕ್ಕೆ ಕೂರಿಸಿದರೆ ಸಾಕು, ಕಾಳು ಎರಡು ಹೋಳಾಗಿ ಬರುತ್ತೆ. ಅವ್ವ ಇದನ್ನು ತೊಗರಿ ಒಡೆಯುವಾಗ ಮಾಡುತ್ತಿದ್ದುದನ್ನು ನೋಡಿದ್ದೆ. ಯಾಕೆ ಅಂತ ಕೇಳಿರಲಿಲ್ಲ.

ಮಧ್ಯಾಹ್ನ ಒಳಗೆ ತಮ್ಮನ ಹೆಂಡತಿ ಅರೆಯೋ ಕಲ್ಲಿನಲ್ಲಿ ಖಾರ ಅರೆಯುತ್ತಿದ್ದಳು. ಜಗಲಿಯಲ್ಲಿ ಚಾಣದ ಸದ್ದು. ಆ ಎರಡು ಕಲ್ಲಿನ ನಡುವೆ ಸಾವಿರಾರು ವರ್ಷ ಇದೆ. ಹಾಸುಗಲ್ಲಿನ ಮೇಲೆ ಗುಂಡುಕಲ್ಲನ್ನು ಹಿಂದೆ ಮುಂದೆ ಆಡಿಸಿ ಅರೆಯೋದು ಮೊದಲು ಬಂದಿದ್ದು. ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ ಹೊಸ ಶಿಲಾಯುಗದ ಜನ ಅರೆದು ಅರೆದು ಸವೆಸಿದ ತಗ್ಗುಗಳು ಬಂಡೆಯಲ್ಲೇ ಇವೆ. ಕಲ್ಲನ್ನು ಸುತ್ತಿಸಬಹುದು ಅಂತ ಹೊಳೆದದ್ದು ಎಷ್ಟೋ ಈಚೆಗೆ, ಸುಮಾರು 2,500 ವರ್ಷದ ಹಿಂದೆ. ಸುತ್ತೋದು ಅಂತ ಆದ ಮೇಲೆ ಆ ಕೆಲಸಕ್ಕೆ ಕತ್ತೆ ಬಂತು, ಹೊಳೆ ನೀರು ಬಂತು, ಗಾಳಿ ಬಂತು, ನಮ್ಮ ಹೋಬಳಿಗೆ ಡೀಸೆಲ್ ಇಂಜಿನ್ ಬಂತು. ಅದರ ಸದ್ದು ಮೊದಲ ದಿನ ಕೇಳಿದಾಗ ಊರ ಹೆಂಗಸರೆಲ್ಲ ಮೊರ ಕೆಳಗಿಟ್ಟು ಓಡಿದ್ದರಂತೆ, ಅವ್ವನೂ. ಕೋಳಿ ಕೂಗೋ ಮುಂಚೆ ಎದ್ದು ಬೀಸುವ ಕಷ್ಟ ಅವತ್ತಿಗೆ ಮುಗಿಯಿತು. ಆ ಮಿಲ್ಲನ್ನು ನಾನು ಬೈಯಲಾರೆ.

ಮಿಲ್ಲಿನಲ್ಲಿರೋದು ಬಂಡೆಯಿಂದ ಕಡೆದ ಕಲ್ಲಲ್ಲ. ಎಮರಿ ಅನ್ನುವ ಗಡಸು ಖನಿಜದ ಪುಡಿಯನ್ನು ಮೆಗ್ನೀಷಿಯಂ ಸಿಮೆಂಟಿನಲ್ಲಿ ಕಲಸಿ ಅಚ್ಚು ಹಾಕಿದ್ದು. ಅದೂ ಮೊಂಡಾಗುತ್ತೆ, ಅದಕ್ಕೂ ಉಳಿ ಬೀಳಬೇಕು. ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್ ಗುಡ್ಡಗಳಲ್ಲಿ ಕಡೆದಿಟ್ಟ ಬೀಸುಕಲ್ಲುಗಳು ಇವತ್ತೂ ಹುಲ್ಲಿನ ನಡುವೆ ಬಿದ್ದಿವೆ. ಬಿಳಿ ಹಿಟ್ಟು ಬೇಕೆಂದು ಜನ ಫ್ರಾನ್ಸಿನ ಕಲ್ಲಿಗೆ ಹೋದರು, ಆಮೇಲೆ 19ನೇ ಶತಮಾನದಲ್ಲಿ ಲೋಹದ ರೋಲರ್ ಬಂತು, ಕಡೆದಿಟ್ಟಿದ್ದನ್ನು ಕೇಳೋರಿಲ್ಲದೆ ಹೋಯಿತು. ಅಲ್ಲಿ ಬೀಸುಕಲ್ಲೇ ಈಗ ಆ ರಾಷ್ಟ್ರೀಯ ಉದ್ಯಾನದ ಗುರುತು. ನಮ್ಮಲ್ಲಿ ಅದು ರೆಸಾರ್ಟಿನ ಹುಲ್ಲುಹಾಸಿನಲ್ಲಿ ಮೆಟ್ಟಿಲಾಗುತ್ತಿದೆ. ನನಗೆ ಅದರ ಮೇಲೆ ಕಾಲಿಡೋಕೆ ಆಗಲ್ಲ.

ಸಂಜೆ ಹೊತ್ತಿಗೆ ಮುಗಿಯುತ್ತಾ ಬಂತು. ನಾನೂ ಒಂಚೂರು ಹೊಡೆಯಲಾ ಅಂತ ಕೇಳಿದೆ. ಯಜಮಾನರು ಕೆಳಗಲ್ಲಿನ ಒಂದು ಮಗ್ಗುಲು ಬಿಟ್ಟುಕೊಟ್ಟರು. ಚಾಣವನ್ನು ಬಿಗಿಯಾಗಿ ಹಿಡಿಯಬಾರದು, ಪೆಟ್ಟು ಬಿದ್ದ ಕೂಡಲೇ ಅದು ತಾನೇ ಎಗರಬೇಕು ಅಂದರು. ಅಂಗೈ ಅಗಲ ಹೊಡೆಯೋಕೆ ನನಗೆ ಅರ್ಧ ಗಂಟೆ ಹಿಡಿಯಿತು. ಎಷ್ಟು ಕೊಡಲಿ ಅಂದರೆ ಒಂದು ದಿನದ ಕೂಲಿ ಹೇಳಿದರು. ಅವ್ವ ಅದರ ಮೇಲೆ ಎರಡು ಸೇರು ರಾಗಿ ಅಳೆದು ಚೀಲಕ್ಕೆ ಹಾಕಿದಳು. ಹೊರಡುವಾಗ ಅವರು ಒಂದು ಮಾತು ಹೇಳಿ ಹೋದರು. ಮೂರು ಸಲ ನುಚ್ಚು ಹಾಕಿ ಬೀಸಿ ಚೆಲ್ಲಿ, ಆಮೇಲೆ ಉಣ್ಣೋ ಹಿಟ್ಟು.

ನನಗೆ ತಡೆಯಲಿಲ್ಲ. ಒಂದೇ ಸಲ ನುಚ್ಚು ಬೀಸಿ, ಅರ್ಧ ಸೇರು ರಾಗಿ ಹಾಕಿದೆ. ಹಿಟ್ಟು ಸುರಿಯುತ್ತಾ ಬಂದದ್ದು ನೋಡಿ ಕಣ್ಣು ತುಂಬಿತು. ರಾತ್ರಿಗೆ ಅದರಲ್ಲೇ ಮುದ್ದೆ, ಸೊಪ್ಪಿನ ಸಾರು. ಮುದ್ದೆ ಅಗಿಯೋದಲ್ಲ, ನುಂಗೋದು. ಆದರೂ ಮೊದಲ ತುತ್ತು ನಾಲಿಗೆ ಮೇಲೆ ಹೋದ ಕೂಡಲೇ ಕರ್ ಅಂತು. ಅವ್ವ ಒಂದು ಮಾತೂ ಆಡದೆ ತಟ್ಟೆ ಸರಿಸಿದಳು. ಹಳೇ ಈಜಿಪ್ಟಿನ ಜನರ ಹಲ್ಲು ಸವೆದಿದ್ದಕ್ಕೆ ರೊಟ್ಟಿಯಲ್ಲಿ ಸೇರುತ್ತಿದ್ದ ಮರಳು, ಕಲ್ಲಿನ ಪುಡಿ ಒಂದು ಕಾರಣ ಅಂತ ನಾನೇ ತರಗತಿಯಲ್ಲಿ ಹೇಳಿದ್ದೆ. ಆ ಹಿಟ್ಟು ಕೂಸಿನ ಬಟ್ಟಲಿಗೆ ಹೋಗಿದ್ದರೆ ಅಂತ ನೆನೆದು ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ.

ಬೆಳಗಿನ ಜಾವ ಅವ್ವನೇ ಎಬ್ಬಿಸಿದಳು. ಮೂರು ಸಲ ನುಚ್ಚು ಬೀಸಿ ಚೆಲ್ಲಿದೆವು. ನಾಲ್ಕನೇ ಸಲದ ಹಿಟ್ಟನ್ನು ಲೋಟದ ನೀರಿಗೆ ಹಾಕಿ ಕದಡಿ, ನೀರು ಬಸಿದು, ತಳಕ್ಕೆ ಬೆರಳು ಒತ್ತಿ ನೋಡಿದಳು. ಏನೂ ಇರಲಿಲ್ಲ. ಆಗ ಮೊಳಕೆ ರಾಗಿ ತೆಗೆದಳು. ಎದುರುಬದುರು ಕೂತು ಒಂದೇ ಗೂಟಕ್ಕೆ ಇಬ್ಬರೂ ಕೈ ಹಾಕಿದೆವು. ಬೀಸೋ ಪದ ಒಂದನ್ನು ಎತ್ತಿಕೊಂಡಳು. ಎರಡು ಸಾಲಿನ ಮುಂದೆ ನೆನಪಾಗಲಿಲ್ಲ, ಅದೇ ಎರಡು ಸಾಲನ್ನು ತಿರುಗಿ ತಿರುಗಿ ಹೇಳಿಕೊಂಡಳು. ಕಣ್ಣು ಮುಚ್ಚಿದ್ದರೂ ಕಲ್ಲಿನ ಬಾಯಿ ಬರಿದಾದದ್ದು ಅವಳಿಗೆ ಸದ್ದಿನಲ್ಲೇ ತಿಳಿಯುತ್ತಿತ್ತು. “ಕಾಳು ಹಾಕು” ಅನ್ನುತ್ತಿದ್ದಳು. ನನಗೆ ಆ ಸದ್ದಿನ ವ್ಯತ್ಯಾಸ ತಿಳಿಯೋ ಹೊತ್ತಿಗೆ ಎರಡು ಸೇರೂ ಮುಗಿಯುತ್ತಾ ಬಂದಿತ್ತು. ಮಿಲ್ಲಿನ ಹಿಟ್ಟು ಬಿಸಿ ಆರಲು ಹರಡಬೇಕು. ಇದು ಕೈಗೆ ಹಿತವಾಗಿ, ತಣ್ಣಗೇ ಇತ್ತು.

ತೆಳು ಬಟ್ಟೆಯಲ್ಲಿ ಹಿಟ್ಟು ಸೋಸಿ ಡಬ್ಬಿಗೆ ಹಾಕಿದ ಮೇಲೆ ಅವ್ವ ತೆಂಗಿನ ನಾರಿನಿಂದ ಕೆಳಗಲ್ಲು ಗುಡಿಸತೊಡಗಿದಳು. ಒಂದು ಮಗ್ಗುಲಲ್ಲಿ ಬೆರಳು ನಿಂತಿತು. ಅಲ್ಲೇ ಎರಡು ಸಲ ಸವರಿದಳು.

“ಇದು ನೀನು ಹೊಡ್ದಿದ್ದು ಅಲ್ವಾ? ಇಲ್ಲಿ ರಾಗಿ ನಿಂತ್ಕೊಳ್ತೈತೆ. ಅವ್ರು ಮತ್ತೆ ಬಂದಾಗ ಕೂತು ಕಲ್ತ್ಕೊ.”